ಚಪ್ಪಲಿ ಮೆಟ್ಟಿದ ಮೇಲೆ ಹೇಳುವ ಮಾತು

ಮನೆ ಬಾಡಿಗೆಗೆ ಕೊಡುತ್ತೇನೆ ಎಂಬ ಒಂದೇ ವಾಕ್ಯ ಹೇಳಲು ಜಲಜಕ್ಕ ಒಂದು ಪೂರ್ತಿ ಸಂಜೆ ತೆಗೆದುಕೊಂಡರು. ಕಲಬುರಗಿಯಿಂದ ಬಂದು ಕೊಪ್ಪದ ಲಾಡ್ಜೊಂದರಲ್ಲಿ ಇಳಿದಿದ್ದ ನಾನೂ ನನ್ನ ಗಂಡ ಶರಣುವೂ ಅವರ ಜಗಲಿಯಲ್ಲಿ ಕೂತಿದ್ದೆವು. ಬೆಲ್ಲ, ನೀರು ಬಂತು. ಕಾಫಿ ಬಂತು. ಕಾಳುಮೆಣಸಿನ ಬಳ್ಳಿಗೆ ತಗುಲಿದ ರೋಗ, ಶೃಂಗೇರಿ ಬಸ್ಸಿನ ಬದಲಾದ ಸಮಯ, ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿರುವ ಅವರ ತಮ್ಮನ ಮನೆಯ ಹಲಸಿನ ಮರ, ಎಲ್ಲದರ ವರದಿಯೂ ಬಂತು. ಮನೆಯ ಸುದ್ದಿ ಮಾತ್ರ ಬರಲಿಲ್ಲ. ಕೊಡುವ ಮನಸ್ಸಿಲ್ಲ, ಹೇಳಲು ಸಂಕೋಚ ಎಂದುಕೊಂಡು ಎದ್ದೆವು. ಅಂಗಳಕ್ಕಿಳಿದು ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದಿನಿಂದ ಅವರ ದನಿ ಕೇಳಿಸಿತು.

"ಹಂಗಾರೆ ಬೀಗದ ಕೈ ಈಗ್ಲೇ ತಗಂಡು ಹೋಗ್ತೀರಾ, ನಾಳೆ ಬರ್ತೀರಾ?"

ಶರಣು ಪಶುವೈದ್ಯ. ಅವನಿಗೆ ಈ ಕಡೆ ವರ್ಗವಾದ್ದರಿಂದ ನಾವು ಇಲ್ಲಿಗೆ ಬಂದೆವು. ನಾನು ಕಲಬುರಗಿಯ ಪತ್ರಿಕೆಯೊಂದರಲ್ಲಿ ಬಹಳ ವರ್ಷ ಸುದ್ದಿ ತಿದ್ದುತ್ತಿದ್ದವಳು. ಈಗ ಅದೇ ಕೆಲಸವನ್ನು ಜಲಜಕ್ಕನ ಮಹಡಿಯ ಪಡುವಣ ಕಿಟಕಿಯ ಬಳಿ ಕೂತು ಮಾಡುತ್ತೇನೆ. ಮೊಬೈಲಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಮುಖ್ಯವಾದದ್ದು ಮೊದಲ ವಾಕ್ಯದಲ್ಲಿರಬೇಕು ಎಂಬುದು ನಮ್ಮ ವೃತ್ತಿ ಕಲಿಸುವ ಮೊದಲ ಪಾಠ. ಕೊನೆಯ ಪ್ಯಾರಾ ಇರುವುದು ಜಾಗ ಸಾಲದಿದ್ದಾಗ ಕತ್ತರಿಸಲಿಕ್ಕೆ. ಕಲಬುರಗಿಯ ಜನರ ಮಾತೂ ಹಾಗೆಯೇ. ಬಾಗಿಲಲ್ಲಿ ನಿಂತೇ "ಎರಡು ಸಾವಿರ ಬೇಕಾಗ್ಯಾವ" ಎಂದು ಹೇಳಿ, ಆಮೇಲೆ ಒಳಗೆ ಬಂದು ಕೂರುತ್ತಾರೆ. ಕೊಪ್ಪದಲ್ಲಿ ಸುದ್ದಿ ಇರುವುದೇ ಕೊನೆಯ ಪ್ಯಾರಾದಲ್ಲಿ. ಅದಕ್ಕಿಂತ ಮೊದಲು ಹೇಳಿದರೆ ಬಂದವರನ್ನು ಬೇಗ ಸಾಗಹಾಕಿದಂತೆ ಎಂದು ಇಲ್ಲಿನವರ ಲೆಕ್ಕ.

ಬೇರೆಯವರಾಗಿದ್ದರೆ ಇದನ್ನು ತಿಂಗಳೊಪ್ಪತ್ತಿನಲ್ಲಿ ಕಲಿಯುತ್ತಿದ್ದರು. ನನ್ನ ತೊಡಕು ಬೇರೆ. ನನಗೆ ಎಡಿಎಚ್‌ಡಿ ಇದೆ. ನಲವತ್ತರ ಹತ್ತಿರ ಬಂದಾಗ ವೈದ್ಯರು ಅದಕ್ಕೆ ಆ ಹೆಸರು ಹೇಳಿದರು. ಗಮನವೇ ಇಲ್ಲ ಎಂದಲ್ಲ, ಅದು ನಾನು ಕಟ್ಟಿದ ಗೂಟದಲ್ಲಿ ನಿಲ್ಲುವುದಿಲ್ಲ. ಅವ್ವನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅದಕ್ಕೊಂದು ಹೆಸರೂ ಅದ ಏನ? ನಾವು ಇಷ್ಟು ದಿನ ಸುಮ್ಮನ ನಿನ್ನ ಹೆಸರು ಹಿಡಿದು ಬೈದಿವಿ ನೋಡು."

ಸುದ್ದಿಮನೆಯಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾಲ್ಕು ಫೋನು ಒಟ್ಟಿಗೆ ಹೊಡೆದುಕೊಳ್ಳುವಾಗ, ಪುಟ ಮುಗಿಸುವ ಹೊತ್ತು ಕತ್ತಿನ ಮೇಲೆ ಕೂತಾಗ ನನ್ನಷ್ಟು ಸಮಾಧಾನದಿಂದ ಕೆಲಸ ಮಾಡುವವರು ಅಲ್ಲಿರಲಿಲ್ಲ. ಕಷ್ಟವಾಗುವುದು ಗಡಿಬಿಡಿ ಇಲ್ಲದ ಕಡೆ. ಕೊಪ್ಪದಲ್ಲಿ ಗಡಿಬಿಡಿಯೇ ಇಲ್ಲ. ಕಪಾಟು ಒರೆಸಲು ಹೋಗಿ, ಅದರಲ್ಲಿ ಹಾಸಿದ್ದ ಹಳೆಯ ಪತ್ರಿಕೆಯ ತಪ್ಪು ತಿದ್ದುತ್ತ ಕೂತದ್ದುಂಟು. ಅಷ್ಟರಲ್ಲಿ ಒಲೆಯ ಮೇಲಿನ ಬೇಳೆ ತಳ ಹಿಡಿದಿರುತ್ತಿತ್ತು. ಕೆಳಗಿನಿಂದ ಜಲಜಕ್ಕ ಕೂಗುತ್ತಿದ್ದರು, "ಮಾರಾಯ್ರೆ, ಇವತ್ತು ಬೇಳೆಯಾ, ಹಾಲಾ?" ವಾಸನೆಯಿಂದ ಅವರಿಗೆ ಗೊತ್ತಾಗುತ್ತಿತ್ತು. ಕೇಳುತ್ತಿದ್ದುದು ನನಗೆ ಗೊತ್ತಾಗಲಿ ಎಂದು.

ಇಲ್ಲಿ ಛತ್ರಿಗೆ ಕೊಡೆ ಎನ್ನುತ್ತಾರೆ. ನಮ್ಮ ಕಡೆ ಅದನ್ನು ಬಿಸಿಲಿಗೆ ಹಿಡಿಯುತ್ತಾರೆ. ಇಲ್ಲಿ ಅದಿಲ್ಲದೆ ಅರ್ಧ ವರ್ಷ ಹೊರಗೆ ಕಾಲಿಡುವಂತಿಲ್ಲ. ನಾನು ನನ್ನ ಕೊಡೆಯನ್ನು ಶೃಂಗೇರಿಯ ಖಾಸಗಿ ಬಸ್ಸಿನಲ್ಲಿ ಬಿಟ್ಟಿಳಿದೆ. ಕಲಬುರಗಿಯಲ್ಲಾದರೆ ಕಳೆದದ್ದು ಕಳೆದಂತೆ, ಯಾರೂ ಕೇಳುವುದಿಲ್ಲ. ಇಲ್ಲಿ ಕಂಡಕ್ಟರು ಅದನ್ನು ಡ್ರೈವರ್ ಹಿಂದಿನ ಸರಳಿಗೆ ತೂಗುಹಾಕಿ, ನಾನು ಮತ್ತೆ ಆ ಬಸ್ಸು ಹತ್ತುವವರೆಗೆ ತಿರುಗಿಸಿದ. ಕೊಡುವಾಗ ಬಸ್ಸಿಗೆಲ್ಲ ಕೇಳುವಂತೆ ಹೇಳಿದ, "ತಗಳಿ ಅಕ್ಕ. ನಿಮಗಿಂತ ನಿಮ್ಮ ಕೊಡೆಯೇ ಜಾಸ್ತಿ ಸಲ ಶೃಂಗೇರಿ ನೋಡಿದೆ." ವಸ್ತು ವಾಪಸು ಬರುತ್ತದೆ, ಮಾನ ಸ್ವಲ್ಪ ಕಡಿಮೆಯಾಗಿರುತ್ತದೆ. ಈ ವ್ಯವಹಾರಕ್ಕೆ ನಾನು ನಿಧಾನವಾಗಿ ಒಗ್ಗಿಕೊಂಡೆ. ಇಲ್ಲಿ ಕೆಲವರ ಕಾಲು ಸೊಟ್ಟ, ಕೆಲವರಿಗೆ ಕಿವಿ ಮಂದ, ಮಹಡಿಯ ಅಕ್ಕನಿಗೆ ಮರೆವು. ಅಷ್ಟೇ. ಅದಕ್ಕಿಂತ ಹೆಚ್ಚಿನ ವಿವರಣೆಯನ್ನು ಯಾರೂ ಕೇಳಲಿಲ್ಲ.

ಇನ್ನು ನಾನು ಒಮ್ಮೆ ಅಂದ ಒಂದು "ಹೂಂ" ಎಂಬುದರ ಸಂಗತಿ.

ಜಲಜಕ್ಕ ಒಂಟಿ. ಮನೆಯ ಮುಂಭಾಗದ ಕೋಣೆಯಲ್ಲಿ ಹೊಲಿಗೆ ಮೆಷಿನ್ನು ಇಟ್ಟುಕೊಂಡು ರವಿಕೆ ಹೊಲಿಯುತ್ತಾರೆ. ಮಳೆ ಹಿಂದೆ ಸರಿದು ಚಳಿ ಬೀಳತೊಡಗಿದ ದಿನಗಳಲ್ಲಿ ಒಂದು ಸಂಜೆ ಮೇಲೆ ಬಂದು ನಮ್ಮಲ್ಲಿ ಕೂತರು. ಅವರ ಮಾತು ಹಿರೇಕೊಡಿಗೆಯ ಒಂದು ಮದುವೆಯಿಂದ ಹೊರಟು ಎಲ್ಲೆಲ್ಲೋ ಸುತ್ತಿತು. ಹೊರಡುವಾಗ ಮೆಟ್ಟಿಲ ಬಳಿ ನಿಂತು ಏನೋ ಕೇಳಿದರು. ನಾನು ಹೂಂ ಎಂದೆ. ಎಂದದ್ದು ಮಾತ್ರ ನೆನಪಿದೆ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಎದುರಾದಾಗ ಅವರ ಮುಖದಲ್ಲಿ ಹಿಂದೆಂದೂ ಕಾಣದ ನಿರಾಳ ಇತ್ತು.

"ನಿನ್ನೆ ನೀವು ಹೂಂ ಅಂದ್ರಲ್ಲ, ಅದೇ ಧೈರ್ಯದ ಮೇಲೆ ಬೆಳಿಗ್ಗೇನೇ ಫೋನ್ ಮಾಡಿ ದಿನ ಗೊತ್ತು ಮಾಡ್ದೆ ಮಾರಾಯ್ರೆ."

ಯಾವುದಕ್ಕೆ ದಿನ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಮೇಲೆ ಹೋಗಿ ಶರಣುವಿಗೆ ಹೇಳಿದೆ. ಅವನು ಚಹಾದ ಲೋಟ ಕೆಳಗಿಟ್ಟ.

"ಮನಿ ಖಾಲಿ ಮಾಡ್ತೀವಂತ ಹೂಂ ಅಂದಿಯೇನ?"

"ಗೊತ್ತಿಲ್ಲ."

"ಹೋದ ವಾರ ಆಕಿ ತಮ್ಮ ನಾರ್ವೆಯಿಂದ ಬಂದು ನಮ್ಮ ಕಿಟಕಿ ಅಳತಿ ಮಾಡ್ಕೊಂಡು ಹೋದ. ಯಾಕಂತ ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನಿಗೇ ಈ ಮನಿ ಬೇಕಾಗಿರಬೇಕು."

ಅವನ ಊಹೆಯಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ. ಊರಲ್ಲಿ ಬೇರೆ ಮನೆ ಸಿಗಬಹುದು. ಆದರೆ ವಾಸನೆ ಹಿಡಿದು ಕೂಗುವ ಕೆಳಮನೆ ಇನ್ನೊಂದು ಸಿಗುವುದಿಲ್ಲ. ಬೇರೆಲ್ಲೇ ಹೋದರೂ ನಾನು ಮತ್ತೆ ಮೊದಲಿನಿಂದ, ಒಬ್ಬೊಬ್ಬರೆದುರೂ, ನಾನು ಹೀಗೆ ಎಂದು ವಿವರಿಸುತ್ತ ಹೋಗಬೇಕು. ಆ ವಾರ ಪುಟ ತಿದ್ದುತ್ತ ಕೂತಾಗಲೂ ಗೋಡೆಗಳನ್ನೇ ನೋಡುತ್ತಿದ್ದೆ. ಖಚಿತವಾಗದ ಸುದ್ದಿಯನ್ನು ಅಚ್ಚು ಹಾಕಬಾರದು ಎಂಬುದು ನಮ್ಮ ಎರಡನೆಯ ಪಾಠ. ಒಂದು ಮಧ್ಯಾಹ್ನ ಖಚಿತ ಮಾಡಿಕೊಳ್ಳಲು ಕೆಳಗಿಳಿದೆ.

"ಜಲಜಕ್ಕ, ಒಂದು ವಿಷಯ ಕೇಳ್ಬೇಕಿತ್ತು."

"ಕೂತ್ಕಳಿ ಮೊದ್ಲು. ಎಂತ ಅವಸರ."

ಬೆಲ್ಲ, ನೀರು ಬಂತು. ಮಾತು ಸುರುವಾಯಿತು. ಸುಮ್ಮನೆ ಕೂತು ಕೇಳುವುದು ನನಗೆ ಎಷ್ಟು ಕಷ್ಟವೆಂದರೆ, ಕೈಗೆ ಕೆಲಸವಿಲ್ಲದಿದ್ದರೆ ಕಿವಿಯೂ ನಿಲ್ಲುವುದಿಲ್ಲ. ಪಕ್ಕದಲ್ಲಿ ಗುಂಡಿಗಳ ಡಬ್ಬ ಇತ್ತು. ಕೇಳದೆಯೇ ಅದನ್ನು ಮಡಿಲಿಗೆ ಎಳೆದುಕೊಂಡು ಬಣ್ಣ ವಿಂಗಡಿಸತೊಡಗಿದೆ. ಕರಿ ಗುಂಡಿಗಳ ಖಾನೆಯಲ್ಲಿ ಕಡುನೀಲಿ ಬೆರೆತಿದ್ದವು, ಕಡುನೀಲಿಯಲ್ಲಿ ಕಂದು. ಜಲಜಕ್ಕ ತಡೆಯಲಿಲ್ಲ. ಬೆರಳುಗಳು ಓಡಾಡುತ್ತಿದ್ದಷ್ಟು ಹೊತ್ತು ಅವರ ಮಾತು ನನಗೆ ಪೂರ್ತಿ ಕೇಳಿಸಿತು. ಪಕ್ಕದ ಮನೆಯ ದನ ಕರು ಹಾಕಿದ್ದು, ಹೊಸ ದಾರದ ಉಂಡೆ ಪದೇ ಪದೇ ತುಂಡಾಗುವುದು, ನರಸಿಂಹರಾಜಪುರದಲ್ಲಿ ಅವರ ಗೆಳತಿಯೊಬ್ಬಳು ಹೋಟೆಲ್ ತೆರೆದದ್ದು. ನನ್ನ ಪ್ರಶ್ನೆ ಬಾಯಲ್ಲೇ ಉಳಿಯಿತು. ಅದನ್ನು ನಡುವೆ ತುರುಕಲು ಹೊರಟಾಗಲೆಲ್ಲ ಗುಂಡಿಯೊಂದನ್ನು ಎತ್ತಿಕೊಂಡೆ.

ಕೊನೆಗೆ ಎದ್ದೆ. ಮೆಟ್ಟಿಲಿಳಿದೆ. ಚಪ್ಪಲಿಗೆ ಕಾಲು ತೂರಿಸುತ್ತ ಹೇಳಿದೆ.

"ಜಲಜಕ್ಕ, ಅವತ್ತು ನಾನು ಹೂಂ ಅಂದೆ. ಆದರೆ ನೀವು ಕೇಳಿದ್ದೇನು ಅಂತ ನನಗೆ ಕೇಳಿಸಿರಲೇ ಇಲ್ಲ."

"ಗೊತ್ತು," ಅಂದರು. "ಸೂರಿನಲ್ಲಿ ಕಣಜ ಗೂಡು ಕಟ್ತಾ ಇತ್ತು. ನೀವು ಅದನ್ನ ನೋಡ್ತಾ ಇದ್ರಿ."

"ಗೊತ್ತಿದ್ದೂ ಸುಮ್ಮನಾದಿರಾ?"

"ಎರಡನೇ ಸಲ ಕೇಳ್ಲಿಕ್ಕೆ ನಂಗೆ ಧೈರ್ಯ ಇರ್ಲಿಲ್ಲ. ಕೇಳಿಸ್ಕಳ್ದೆ ಅಂದಿದ್ದಾದ್ರೂ ಹೂಂ ಹೂಂನೇ ಅಲ್ಲನಾ?"

ಆಮೇಲೆ ಮೆಟ್ಟಿಲ ಮೇಲೆ ಕೂತು ಹೇಳಿದರು. ಬಲಗಣ್ಣಿಗೆ ಪೊರೆ ಬಂದಿದೆ, ಎಡಗಣ್ಣೂ ಮಂಜು. ಶಿವಮೊಗ್ಗದಲ್ಲಿ ಆಪರೇಷನ್ನು. ಜೊತೆಗೆ ಒಬ್ಬರು ಇರಲೇಬೇಕಂತೆ, ನೀವು ಬರ್ತೀರಾ ಎಂದು ಅವತ್ತು ಕೇಳಿದ್ದು ಅದಕ್ಕೆ. ಕಣ್ಣು ಕಾಣದ ಟೈಲರ್ ಎಂದು ಸುದ್ದಿಯಾದರೆ ಬಟ್ಟೆ ಯಾರು ಕೊಡುತ್ತಾರೆ? ತಮ್ಮನಿಗೂ ಹೇಳಿಲ್ಲ.

ಮರೆವಿನ ಹೆಂಗಸನ್ನು ಆಸ್ಪತ್ರೆಗೆ ಕರೆದೊಯ್ಯುವುದು ಬುದ್ಧಿವಂತಿಕೆಯಲ್ಲ ಎಂದೆ. ಶರಣುವನ್ನು ಕಳಿಸುತ್ತೇನೆ ಎಂದೂ ಹೇಳಿದೆ.

"ಅವರು ಬೇಡ. ಅವರು ಕಲ್ಲು ಹಾಕ್ದಂಗೆ ಕೂತ್ಕಳ್ತಾರೆ. ಅದನ್ನ ನೋಡಿದ್ರೇ ನಂಗೆ ಹೆದರಿಕೆ. ನೀವಾದ್ರೆ ಮೊಬೈಲ್ ಎಲ್ಲಿಟ್ರು, ಕೊಡೆ ಎಲ್ಲಿ ಬಿಟ್ರು ಅಂತ ನಿಮ್ಮನ್ನ ಕಾಯೋದ್ರಲ್ಲೇ ನಂಗೆ ಹೊತ್ತು ಹೋಗ್ತದೆ. ಕಣ್ಣಿನ ಚಿಂತೆ ಬರೋದೇ ಇಲ್ಲ."

"ಮತ್ತೆ ನಿಮ್ಮ ತಮ್ಮ ಕಿಟಕಿ ಅಳೆದದ್ದು?"

"ಮಳೆಗಾಲ ಪೂರ್ತಿ ಅಲ್ಲಿ ಕೂತು ನೆಂದ್ಕಂಡು ಕೆಲಸ ಮಾಡಿದ್ರಲ್ಲ. ಶೀಟ್ ಹಾಕ್ಸುವ ಅಂತ." ನನ್ನತ್ತ ತಿರುಗಿ ಕೇಳಿದರು, "ನೀವು ಎಂತ ಅಂದ್ಕಂಡ್ರಿ?"

ನಾನು ಎಂತದೂ ಇಲ್ಲ ಎಂದೆ. ಆಪರೇಷನ್ ಯಾವತ್ತು ಎಂದು ಕೇಳಿದೆ. ಅವರು ಹೇಳಿದ ದಿನ ಎಳ್ಳ ಅಮಾವಾಸ್ಯೆ.

ಕಲಬುರಗಿಯವರಿಗೆ ಆ ದಿನ ಏನೆಂದು ನಾನು ಹೇಳಬೇಕಿಲ್ಲ. ಎಲ್ಲಿದ್ದವರೂ ಹೊಲಕ್ಕೆ ಬರುತ್ತಾರೆ. ಸೊಪ್ಪು ಕಾಳಿನ ಭಜ್ಜಿ, ಸಜ್ಜೆ ಕಡುಬು ಬುತ್ತಿ ಕಟ್ಟಿ, ಬೆಳೆದ ಜೋಳದ ನಡುವೆ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಕೂತು ಉಣ್ಣುತ್ತಾರೆ. ಈ ವರ್ಷ ತಪ್ಪದೆ ಬರುತ್ತೇನೆಂದು ಅವ್ವನಿಗೆ ಮಾತು ಕೊಟ್ಟಿದ್ದೆ. ಜಲಜಕ್ಕನಿಗೆ ಅದು ಬರಿಯ ಒಂದು ಅಮಾವಾಸ್ಯೆ. ನಾನು ಎರಡೂ ಚಪ್ಪಲಿ ಮೆಟ್ಟಿಕೊಂಡೆ. ಹೂಂ ಎಂದೆ. ಅವರು ನನ್ನ ಕಣ್ಣು ಎಲ್ಲಿದೆ ಎಂದು ಸೂಕ್ಷ್ಮವಾಗಿ ನೋಡಿದರು. ಅವರ ಮುಖದ ಮೇಲೆಯೇ ಇತ್ತು.

ಆ ಸಂಜೆ ಕಿಟಕಿಯ ಬಳಿ ನಿಂತು ಅವ್ವನಿಗೆ ಫೋನ್ ಮಾಡಿದೆ. ಜೋಳ ಎಷ್ಟು ಎತ್ತರಕ್ಕೆ ಬಂದಿದೆ, ಕಾಕನ ಮಂಡಿನೋವು ಹೇಗಿದೆ, ಕಡಲೆಗೆ ಹುಳ ಬಿದ್ದಿದೆಯೇ, ಎಲ್ಲ ವಿಚಾರಿಸಿದೆ. ಇಡುತ್ತೇನೆ ಎಂದ ಮೇಲೆ, ಎಳ್ಳಮಾಸಿಗೆ ಬರಲಾಗುವುದಿಲ್ಲ ಎಂದು ಹೇಳಿ ಕಾರಣ ತಿಳಿಸಿದೆ.

"ಅಷ್ಟೊತ್ತು ಹುಳದ ಸುದ್ದಿ ಹೇಳಿಸಿಕೊಂಡಿ, ಇದನ್ನ ಮೊದಲ ಹೇಳಬಾರದೇನ? ಅಲ್ಲಿಯವರ ಹಂಗ ಆದಿ ನೋಡು ನೀನು."

ಬೈದ ಅವ್ವನೇ ಒಣಗಿಸಿದ ಕಟಕ ಸಜ್ಜೆ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಳಿಸಿದಳು. ಎಳ್ಳಮಾಸಿಯ ದಿನ ಅವನ್ನು ನಾವು ಶಿವಮೊಗ್ಗದ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ತಿಂದೆವು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಜಲಜಕ್ಕ ರೊಟ್ಟಿಯನ್ನು ಬೆರಳಲ್ಲಿ ತಟ್ಟಿ ನೋಡಿದರು. "ಇದು ಎಂತದು ಮಾರಾಯ್ತಿ, ಹಂಚಿನ ಚೂರಾ?" ಎಂದು ಕೇಳಿ, ಇನ್ನೊಂದು ಚೂರಿಗೆ ಕೈ ಚಾಚಿದರು. ಅಷ್ಟು ದಿನ ಮಾರಾಯ್ರೆ ಆಗಿದ್ದವಳು ಅಲ್ಲಿ ಮಾರಾಯ್ತಿ ಆದೆ. ಹೊರಡುವಾಗ ಔಷಧಿ ಚೀಟಿ, ಕಣ್ಣಿಗೆ ಹಾಕುವ ಹನಿ, ಎಲ್ಲ ನನ್ನ ಚೀಲದಲ್ಲಿತ್ತು. ಚೀಲ ಬೆಂಚಿನ ಮೇಲಿತ್ತು. ಗೇಟಿನ ಬಳಿ ಅದನ್ನು ನೆನಪಿಸಿದವರು ಜಲಜಕ್ಕ, ಒಂದೇ ಕಣ್ಣಿನಲ್ಲಿ.

ಈಗ ಅವರು ಕಡುನೀಲಿಗೂ ಕಪ್ಪಿಗೂ ಗೊಂದಲ ಮಾಡಿಕೊಳ್ಳುವುದಿಲ್ಲ. ಇದನ್ನೆಲ್ಲ ಬರೆಯಬಹುದೇ ಎಂದು ಅನುಮತಿ ಕೇಳಿದಾಗ, "ಕಣ್ಣು ಸರಿ ಆಯ್ತಲ್ಲ, ಬರಿ ಮಾರಾಯ್ತಿ" ಎಂದರು. ಕಿಟಕಿಗೆ ಶೀಟು ಬಂದಿದೆ.

ಶರಣುವಿಗೆ ಕಲಬುರಗಿಗೆ ವರ್ಗ ಕೇಳಲು ಈಗ ಅವಕಾಶವಿದೆ. ಅರ್ಜಿ ನಾವು ಹಾಕಿಲ್ಲ. ಹಾಕುವುದಿಲ್ಲ ಎಂದೂ ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ. ಮೊನ್ನೆ ಅವ್ವ ಫೋನ್ ಮಾಡಿದಳು. ಹೊಲ, ಕಾಕನ ಮಂಡಿ, ನೆರೆಮನೆಯ ಜಗಳ, ಎಲ್ಲ ನಿಧಾನವಾಗಿ ಹೇಳಿದಳು. ಇಡುವ ಹೊತ್ತಿಗೆ ತಡೆದಳು.

"ಹಾಂ, ಅಂದಂಗ, ಶರಣಂದು ವರ್ಗದ ಅರ್ಜಿ ಹಾಕೀರಲ್ಲ?"

ಕೆಳಗೆ ಜಲಜಕ್ಕನ ಮೆಷಿನ್ನು ಓಡುತ್ತಿತ್ತು. ನಾನು ಹೂಂ ಎಂದೆ. ಈ ಸಲ ಪ್ರಶ್ನೆ ಪೂರ್ತಿ ಕೇಳಿಸಿತ್ತು.