ಏರಿದ ಗೇರಿನಲ್ಲೇ ಇಳಿಯುವುದು

ನಮ್ಮ ಕಡೆಯ ಚಾಲಕರ ಎಡಗೈಗೆ ಒಂದು ವಿಶೇಷ ಗುಣವಿದೆ. ಮುಂದೆ ರಸ್ತೆ ಒಂದಿಷ್ಟು ತಗ್ಗಾಗಿದೆ ಎಂಬುದು ಕಣ್ಣಿಗೆ ಬಿದ್ದದ್ದೇ ತಡ, ಆ ಕೈ ಒಡೆಯನ ಅಪ್ಪಣೆಗೂ ಕಾಯದೆ ಗೇರಿನ ಕೋಲಿನ ಮೇಲೆ ಹೋಗಿ ಕೂತು, ಅದನ್ನು ಮೆಲ್ಲನೆ ನ್ಯೂಟ್ರಲ್‌ಗೆ ಎಳೆದುಬಿಡುತ್ತದೆ. ಆಮೇಲೆ ಗಾಡಿ ಸದ್ದಿಲ್ಲದೆ ಜಾರುತ್ತದೆ, ಚಾಲಕನ ಮುಖದ ಮೇಲೆ ಪುಗಸಟ್ಟೆ ಊಟ ಉಂಡವನ ಸಮಾಧಾನ ಕಾಣಿಸಿಕೊಳ್ಳುತ್ತದೆ. ನೀವು ಹರಪನಹಳ್ಳಿಯಿಂದ ಕೊಟ್ಟೂರಿಗೆ ಯಾರದಾದರೂ ಕಾರಿನಲ್ಲಿ ಬಂದಿದ್ದರೆ ಈ ಮುಖವನ್ನು ನೋಡಿಯೇ ಇರುತ್ತೀರಿ.

ನಮ್ಮದು ಬಯಲು ಸೀಮೆ. ಜೋಳ, ಮೆಕ್ಕೆಜೋಳದ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ಬಂಡೆಗುಡ್ಡ ಇದೆಯೇ ಹೊರತು ರಸ್ತೆಗಳು ಘಟ್ಟದ ಗೊಡವೆಗೆ ಹೋಗುವುದಿಲ್ಲ. ಹೀಗಾಗಿ ಇಳಿಜಾರು ನಮಗೆ ಅಪಾಯವಲ್ಲ, ಪ್ರಸಾದ. ನಮ್ಮಪ್ಪ ತಮ್ಮ ಹಳೆಯ ಸ್ಕೂಟರಿನಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡು ಹಡಗಲಿಗೆ ಹೋಗುವಾಗ, ತಗ್ಗು ಕಂಡಲ್ಲೆಲ್ಲ ಇಂಜಿನ್ನನ್ನೇ ಬಂದ್ ಮಾಡಿ, ಗಾಳಿಯ ಸುಯ್ಯೆಂಬ ಸದ್ದಿನಲ್ಲಿ ನನಗೆ ಮಗ್ಗಿ ಒಪ್ಪಿಸಲು ಹೇಳುತ್ತಿದ್ದರು. ಉಳಿದ ಪೆಟ್ರೋಲು ಎಷ್ಟೋ ದೇವರೇ ಬಲ್ಲ, ನನ್ನ ಮಗ್ಗಿಯಂತೂ ಇಳಿಜಾರು ಮುಗಿದಲ್ಲಿಗೇ ನಿಂತುಹೋಗುತ್ತಿತ್ತು. ಹದಿನಾಲ್ಕರ ಮಗ್ಗಿ ಇವತ್ತಿಗೂ ನನಗೆ ಪೂರ್ತಿ ಬರುವುದಿಲ್ಲ.

ಇಂಥ ಪರಂಪರೆಯ ವಾರಸುದಾರನಾದ ನಾನು ಮುಂದೆ ಕೊಟ್ಟೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕನಾದೆ ಎಂಬುದು ವಿಧಿಯ ವಿನೋದ. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಓರೆಗೆರೆ ಎಳೆದು, ಅದರ ಮೇಲೊಂದು ಚೌಕ ಇಟ್ಟು, ಅದು ಎಷ್ಟು ವೇಗದಲ್ಲಿ ಜಾರುತ್ತದೆಂದು ಮಕ್ಕಳಿಂದ ಲೆಕ್ಕ ಮಾಡಿಸಿದ್ದೇನೆ. ಪ್ರತಿ ಲೆಕ್ಕದ ಕೊನೆಗೂ ‘ಘರ್ಷಣೆ ಇಲ್ಲವೆಂದು ಭಾವಿಸಿ’ ಎಂಬ ಅನುಕೂಲದ ವಾಕ್ಯವೊಂದನ್ನು ಸೇರಿಸುತ್ತಿದ್ದೆ. ಮನೆಯಲ್ಲಿಯೂ ನಾನು ಅದೇ ಭಾವನೆಯಿಂದ ಬದುಕುತ್ತಿದ್ದೆ ಎಂದು ನನ್ನ ಹೆಂಡತಿ ಅನ್ನಪೂರ್ಣ ಹೇಳುತ್ತಾಳೆ. ಅವಳ ಮಾತನ್ನು ಅಲ್ಲಗಳೆಯಲು ನನ್ನ ಬಳಿ ಸಾಕ್ಷಿಯಿಲ್ಲ.

ನಿವೃತ್ತಿಯಾದ ಮೇಲೆ ನಾವೊಂದು ಮನೆಗಾಡಿ ಮಾಡಿಸಿದೆವು. ಅನ್ನಪೂರ್ಣಳಿಗೆ ಊರೂರು ನೋಡುವ ಆಸೆ ಬಹಳ. ಆದರೆ ಮೊಣಕಾಲು ನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತುವುದು, ವಸತಿಗೃಹಗಳ ಶೌಚಾಲಯದಲ್ಲಿ ಕುಕ್ಕುರುಗಾಲಲ್ಲಿ ಕೂರುವುದು ಅವಳಿಂದಾಗದು. ಹಗರಿಬೊಮ್ಮನಹಳ್ಳಿಯ ಮೆಕ್ಯಾನಿಕ್ ಮಾಬುಸಾಬರು ಶಾಲೆಯ ಮಕ್ಕಳನ್ನು ಹೊತ್ತು ಸವೆದಿದ್ದ ಹಳೆಯ ಪೆಟ್ರೋಲ್ ವ್ಯಾನೊಂದನ್ನು ಹುಡುಕಿಕೊಟ್ಟು, ಸೀಟು ಕಿತ್ತು, ಮಂಚ ಕೂರಿಸಿ, ಒಲೆ ಜೋಡಿಸಿ, ಅವಳ ಮೊಣಕಾಲಿಗೆ ಒಗ್ಗುವಂಥ ಗಿಡ್ಡ ಮೆಟ್ಟಿಲನ್ನೂ ಕೂರಿಸಿದರು. ಆ ಗಾಡಿಯ ಒಂದೊಂದು ಮೊಳೆಯೂ ಅವಳಿಗೋಸ್ಕರ ಹೊಡೆದದ್ದು. ಅವಳು ಕೂರದಿದ್ದರೆ ಅದು ತಗಡಿನ ಡಬ್ಬಿಯೇ.

ಮೊದಲ ಪ್ರಯಾಣ ಕೂಡ್ಲಿಗಿಯ ಮೇಲೆ ಸಂಡೂರಿಗೆ. ಬೆಟ್ಟದ ಮೇಲಿನ ಪಾರ್ವತಿಗೆ ಉಡಿ ತುಂಬಬೇಕೆಂಬುದು ಅವಳ ಬಹುದಿನದ ಹರಕೆ. ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತ ಗಾಡಿ ಮೇಲೇರಿತು, ಹರಕೆ ತೀರಿತು, ಗಾಡಿಯ ಒಲೆಯ ಮೇಲೆಯೇ ಮಂಡಕ್ಕಿ ಒಗ್ಗರಣೆಯಾಯಿತು, ಚಹಾ ಆಯಿತು. ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. ಇನ್ನು ಇಳಿಯಬೇಕು. ರಸ್ತೆ ತಗ್ಗಾಯಿತು, ನನ್ನ ಎಡಗೈ ತನ್ನ ಕುಲಧರ್ಮವನ್ನು ಪಾಲಿಸಿತು.

ಮೊದಲ ತಿರುವಿನಲ್ಲಿ ತಂಗಾಳಿ ಬಂತು, ಎರಡನೆಯದರಲ್ಲಿ ಹಿಂದೆ ಪಾತ್ರೆಗಳು ಉರುಳಿದವು. ಮೂರನೆಯದರ ಹೊತ್ತಿಗೆ ನನ್ನ ಬಲಗಾಲು ಬ್ರೇಕಿನ ಮೇಲಿಂದ ಏಳಲೇ ಇಲ್ಲ. ಗೇರಿಗೆ ಹಾಕಲು ಹೋದರೆ ಅದು ಕರ್‌ರ್ ಎಂದು ಹಲ್ಲು ಕಡಿಯಿತು, ಒಳಗೆ ಕೂರಲಿಲ್ಲ. ಅಷ್ಟರಲ್ಲಿ ಸುಟ್ಟ ವಾಸನೆ. ಬ್ರೇಕು ಹಿಟ್ಟಿನ ಮುದ್ದೆ ಒತ್ತಿದ ಹಾಗೆ ಮೆತ್ತಗಾಗತೊಡಗಿತು. ಓರೆಗೆರೆಯ ಮೇಲಿನ ಚೌಕಕ್ಕೆ ಹೆಂಡತಿ ಇರುವುದಿಲ್ಲ. ನನ್ನ ಪಕ್ಕದಲ್ಲಿ ಅನ್ನಪೂರ್ಣ ಎರಡೂ ಕೈಯಲ್ಲಿ ಸೀಟು ಹಿಡಿದು ಕೂತಿದ್ದಳು. ರಸ್ತೆ ಬದಿಗೆ ಸುರಿದಿದ್ದ ಕೆಂಪು ಮಣ್ಣಿನ ಗುಡ್ಡೆಯೊಂದು ಕಂಡಿತು. ಗಾಡಿಯನ್ನು ಅದರೊಳಗೆ ನುಗ್ಗಿಸಿದೆ. ನಿಂತಿತು.

ಅವಳು ಬಾಗಿಲು ತೆಗೆದು, ಆ ಗಿಡ್ಡ ಮೆಟ್ಟಿಲನ್ನು ಜೋಪಾನವಾಗಿ ಇಳಿದು, ಸೆರಗಿಗೆ ಮೆತ್ತಿದ ಕೆಂಪು ಧೂಳು ಕೊಡವಿಕೊಂಡು, “ನಾ ನಡ್ಕಂತ ಹೋಗ್ತೀನಿ. ನೀವು ನಿಮ್ಮ ಮನಿ ತಗಂಡು ಬರ್ರಿ” ಎಂದು ಹೊರಟೇಬಿಟ್ಟಳು.

ಬ್ರೇಕು ಆರಲೆಂದು ಒಂದಿಷ್ಟು ಹೊತ್ತು ಕಾದು, ಗಾಡಿಯನ್ನು ಮಣ್ಣಿನಿಂದ ಹಿಂದಕ್ಕೆ ತೆಗೆದು ನಾನೂ ಹೊರಟೆ. ಮುಂದೆ ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ಬಲಗಾಲನ್ನು ಎಳೆಯುತ್ತ ಅವಳು ಇಳಿಯುತ್ತಿದ್ದಳು. ಹಿಂದೆ ನಾನು ಒಂದನೇ ಗೇರಿನಲ್ಲಿ. ಅವಳು ಒಂದಿಷ್ಟು ದೂರ ಹೋದ ಮೇಲೆ ಗಾಡಿ ಬಿಡುವುದು, ಹತ್ತಿರವಾದಾಗ ನಿಲ್ಲಿಸುವುದು. ಯಾರ ಮೊಣಕಾಲು ನೋಯಬಾರದೆಂದು ಗಾಡಿ ಮಾಡಿಸಿದ್ದೆನೋ ಅವಳೇ ಘಾಟಿ ನಡೆಯುವುದನ್ನು ಗಾಜಿನ ಹಿಂದೆ ಕೂತು ನೋಡುತ್ತಿದ್ದ ನನಗೆ ಅವತ್ತು ಆದಷ್ಟು ನಾಚಿಕೆ ಜೀವಮಾನದಲ್ಲಿ ಆಗಿಲ್ಲ. ಎರಡು ಸಲ ಕರೆದೆ, ತಿರುಗಿ ನೋಡಲಿಲ್ಲ. ಘಾಟಿಯ ಬುಡದಲ್ಲಿ ಸಿಕ್ಕ ಬಸ್ಸನ್ನು ಕಂಬಿ ಹಿಡಿದು ಕಷ್ಟಪಟ್ಟು ಹತ್ತಿದಳು. ನಾನು ಮನೆ ಮುಟ್ಟುವಷ್ಟರಲ್ಲಿ ಅವಳು ಮೊಣಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತ ಕೂತಿದ್ದಳು.

“ಗಾಡಿ ಮಾರಿಬಿಡ್ರಿ” ಎಂದಳು. ಶಾಖದ ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದುತ್ತ, “ಗಾಡಿ ಒಂದಾ ಅಲ್ರಿ, ನೀವು ಎಲ್ಲಾನೂ ಹಂಗಾ ಬಿಡ್ತೀರಿ. ಈ ಕಾಲು ನೋವು ಅಂದು ನಾಕು ವರ್ಷ ಆತು. ನೋಡಾಣು, ನೋಡಾಣು ಅಂತೀರಿ. ತಾನಾ ಹೋಗಿ ಎಲ್ಲೋ ನಿಂದರ್ತೈತಿ ಅಂತ ನಿಮ್ಮ ನಂಬಿಕಿ” ಎಂದಳು.

ಮರುದಿನ ಹಗರಿಬೊಮ್ಮನಹಳ್ಳಿಗೆ ಹೋಗಿ ಮಾಬುಸಾಬರ ಮುಂದೆ ನಡೆದದ್ದೆಲ್ಲ ಹೇಳಿ, ತಪ್ಪು ಬ್ರೇಕಿನದೆಂದು ದೂರಿದೆ. ಅವರು ಗಾಲಿ ಬಿಚ್ಚಿ ನೋಡಿ, ಕೈ ಒರೆಸಿಕೊಳ್ಳುತ್ತ ಕೇಳಿದರು: “ಮೇಷ್ಟ್ರೇ, ಅಕ್ಕಾರ ಹಿಂದ ಒಂದನೇ ಗೇರಿನ್ಯಾಗ ಬಂದ್ರೆಲ್ಲಾ, ಆವಾಗ ಬ್ರೇಕ್ ಕಾಯ್ತಾ?”

ಇಲ್ಲ ಎಂದೆ. ಹಾಗೆ ಹೇಳುವವರೆಗೂ ಅದು ನನಗೆ ಹೊಳೆದೇ ಇರಲಿಲ್ಲ.

“ಮತ್ತ? ಇಂಜಿನ್ನು ಗಾಲೀನ ಹಿಡಕಂಡಿತ್ತು. ನ್ಯೂಟ್ರಲ್ ಮಾಡಿದ್ರ ಕೈ ಬಿಟ್ಟಂಗಾತು. ಪೆಟ್ರೋಲ್ ಇಂಜಿನ್ ಚಲೋ ಹಿಡಿತೈತ್ರಿ. ಯಾವ ಗೇರಿನ್ಯಾಗ ಏರ್ತೀರೋ ಅದರಾಗಾ ಇಳೀರಿ. ಇಳುಕಲು ಸುರು ಆಗಾಕಿಂತ ಮುಂಚೇನಾ ಹಾಕ್ರಿ, ನಡುವ ಹಾಕಾಕ ಹೋದ್ರ ಕುಂದ್ರಂಗಿಲ್ಲ. ವೇಗ ಜಾಸ್ತಿ ಆತಾ, ಬ್ರೇಕ್ ಒಮ್ಮಿ ಗಟ್ಟಿ ಒತ್ತಿ ಬಿಟ್ಟುಬಿಡ್ರಿ, ಕಾಲು ಅದರ ಮ್ಯಾಲೆ ಮಲಗಿಸಬ್ಯಾಡ್ರಿ. ಇಂಜಿನ್ ಒದರ್ತೈತಿ. ಒದರ್ಲಿ. ಅದು ಕೆಲಸ ಮಾಡಾಕ ಹತ್ತೈತಿ ಅಂತ ಅರ್ಥ.”

ಓದುಗ ಮಹಾಶಯರೇ, ಏರುವಾಗ ಇಂಜಿನ್ನು ದುಡಿಯುತ್ತದೆ, ಇಳಿಯುವಾಗ ವಿಶ್ರಮಿಸುತ್ತದೆ ಎಂದು ನಾನು ಅರವತ್ತು ದಾಟುವವರೆಗೂ ನಂಬಿದ್ದೆ. ತಡೆದು ಹಿಡಿಯುವುದೂ ಒಂದು ದುಡಿಮೆ, ಅದಕ್ಕೆ ಮುನ್ನಡೆಸುವಷ್ಟೇ ಕಸುವು ಬೇಕು ಎಂಬುದು ಹೊಳೆದಿರಲಿಲ್ಲ. ನಮ್ಮ ಸಂಸಾರದಲ್ಲಿ ಒದರುವ ಕೆಲಸ ಅನ್ನಪೂರ್ಣಳದು. ಮಗಳ ಓದು, ಮನೆಯ ಸೋರುವ ಮಾಳಿಗೆ, ನನ್ನ ಸಕ್ಕರೆ ಕಾಯಿಲೆ, ಎಲ್ಲದಕ್ಕೂ ಅವಳು ಒದರುತ್ತಿದ್ದಳು, ನಾನು ಅದನ್ನು ಬರಿಯ ಸದ್ದೆಂದು ತಿಳಿದು ಪೇಪರಿನ ಹಿಂದೆ ಅಡಗುತ್ತಿದ್ದೆ. ನಾವು ಪ್ರಪಾತಕ್ಕೆ ಬೀಳದೆ ಇಲ್ಲಿಯವರೆಗೆ ಬಂದದ್ದು ನನ್ನ ಶಾಂತ ಸ್ವಭಾವದಿಂದ ಎಂಬ ಭ್ರಮೆಯೂ ನನಗಿತ್ತು.

ಗಾಡಿ ಮಾರುವ ಮೊದಲು ಎರಡು ಕೆಲಸ ಮಾಡಿದೆ. ಅವಳನ್ನು ದಾವಣಗೆರೆಯ ಮೂಳೆ ವೈದ್ಯರಿಗೆ ತೋರಿಸಿದೆ. ನಾಲ್ಕು ವರ್ಷ ಮೊದಲೇ ಬರಬೇಕಿತ್ತೆಂದು ಅವರು ನನ್ನ ಮುಖವನ್ನೇ ನೋಡುತ್ತ ಹೇಳಿದರು. ಜೊತೆಗೆ ಒಂದು ತಿಂಗಳು ಒಬ್ಬನೇ ಗುಡೇಕೋಟೆಯ ಕಡೆ ಹೋಗಿ, ಸಣ್ಣಪುಟ್ಟ ದಿನ್ನೆಗಳನ್ನೆಲ್ಲ ಗೇರಿನಲ್ಲೇ ಇಳಿದೆ. ಎಡಗೈ ಪ್ರತಿ ಸಲ ನ್ಯೂಟ್ರಲ್‌ಗೆ ಹೋಗಲು ಚಡಪಡಿಸುತ್ತಿತ್ತು. ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡು ಓಡಿಸಿದ್ದೂ ಉಂಟು.

ಕೊನೆಗೊಂದು ದಿನ ಮಾಬುಸಾಬರು ನಮ್ಮ ಮನೆಗೆ ಬಂದು, “ಅಕ್ಕಾರೇ, ಒಂದಾ ಒಂದು ಸಲ ಕುಂದರ್ರಿ. ನಿಮಗ ಎದಿ ಡವ್ ಅಂತಂದ್ರ ನಾನಾ ಗಾಡಿ ಮಾರಿ ಕೊಡ್ತೀನಿ” ಎಂದರು.

“ನಾ ನಿಮ್ಮ ಮಾತಿಗಿ ಬರ್ತೀನಿ, ಇವರ ಮಾತಿಗಲ್ಲ. ಅದಾ ಬೆಟ್ಟ, ಅದಾ ಘಾಟಿ. ನಾ ಕಣ್ಣಾರೆ ನೋಡಬೇಕು” ಎಂದಳು ಅನ್ನಪೂರ್ಣ.

ನಾವಿಬ್ಬರೇ ಮತ್ತೆ ಬೆಟ್ಟ ಹತ್ತಿದೆವು. ಪಾರ್ವತಿಗೆ ಕೈ ಮುಗಿದು ಹೊರಟು, ಇಳಿಜಾರು ಶುರುವಾಗುವ ಮೊದಲೇ ಗಾಡಿ ನಿಲ್ಲಿಸಿ ಎರಡನೇ ಗೇರಿಗೆ ಹಾಕಿದೆ. ಅವಳು ಪರೀಕ್ಷೆಯ ಮೇಲ್ವಿಚಾರಕಿಯ ಹಾಗೆ ನನ್ನ ಕಾಲನ್ನೇ ನೋಡುತ್ತಿದ್ದಳು. ಇಂಜಿನ್ನು ಒದರತೊಡಗಿತು. ನಾನು ಒದರಲು ಬಿಟ್ಟೆ. ಒಂದು ತಿರುವು, ಇನ್ನೊಂದು ತಿರುವು. ಹಿಂದೆ ಒಂದು ಚಮಚವೂ ಅಲುಗಲಿಲ್ಲ. ಕೆಂಪು ಮಣ್ಣಿನ ಗುಡ್ಡೆ ನಿಧಾನವಾಗಿ ಬಂದು ನಿಧಾನವಾಗಿ ಹಿಂದೆ ಹೋಯಿತು. ಪಕ್ಕಕ್ಕೆ ತಿರುಗಿ ಅವಳ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಅವಳೂ ಮಾತಾಡಲಿಲ್ಲ. ಆ ಮೌನದಲ್ಲಿ ಇನ್ನು ಗಾಡಿ ಮಾರುವುದೇ ಖಚಿತವೆಂದು ನಾನು ತೀರ್ಮಾನಿಸಿಕೊಂಡೆ.

ಬುಡ ಮುಟ್ಟಿ, ಬೇವಿನ ಮರದ ಕೆಳಗೆ ನಿಲ್ಲಿಸಿ ತಿರುಗಿದೆ. ಅನ್ನಪೂರ್ಣ ಕಿಟಕಿಗೆ ತಲೆಯಾನಿಸಿ, ಬಾಯಿ ತುಸು ತೆರೆದು, ಗಾಢ ನಿದ್ದೆಯಲ್ಲಿದ್ದಳು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಮುಚ್ಚಿಡುವುದಿಲ್ಲ. ಸದ್ದು ನಿಂತದ್ದಕ್ಕೆ ಅವಳಿಗೆ ಎಚ್ಚರವಾಯಿತು.

“ಯಾಕ ನಿಂದ್ರಿಸಿದ್ರಿ? ಘಾಟಿ ಬಂತೇನು?”

“ದಾಟಿ ಬಂದ್ವಿ” ಎಂದೆ.

ಅವಳು ಕಿಟಕಿಯಾಚೆ ಬಗ್ಗಿ ಹಿಂದಿನ ಇಡೀ ಬೆಟ್ಟವನ್ನೊಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಗದರಿದಳು: “ಎಬ್ಬಿಸಬಾರ್ದೇನ್ರೀ! ಮಲಗಿದಾಕಿ ಏನು ಪರೀಕ್ಷಿ ಮಾಡ್ತಾಳ? ಇದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ. ಇನ್ನೊಂದ್ಸಲ ಹತ್ರಿ.”

ನಾನು ಗಾಡಿ ತಿರುಗಿಸಿದೆ.