ಹೂವು ಕಿತ್ತ ಮೇಲೆ ಕಂಡ ಹುಣಸೆಹಣ್ಣು

"ಅಡಗಿ ಬ್ಲಾಗ್ ಬರಿಯೋ ಅಕ್ಕಾರು ನೀವ ಅಲ್ಲೇನ್ರಿ?" ಕನಕಗಿರಿ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸು ಹೀಗೆ ಕೇಳಿದಾಗ ನಾನು ಉಬ್ಬಿಹೋದೆ. ಅವಳು ಮೊಬೈಲಿನಲ್ಲಿ ನನ್ನ ಬ್ಲಾಗ್ ತೆರೆದು ತೋರಿಸಿದಳು. ಕಪ್ಪು ಪರದೆ, ಹಳದಿ ಅಕ್ಷರ, ಮೇಲಿಂದ ಒಂದೇ ಸಮ ಉದುರುವ ಗುಲಾಬಿ ಹೂಗಳು. ಎಲ್ಲ ನಾನೇ ಹಟ ಹಿಡಿದು ಮಾಡಿದ ಸಿಂಗಾರ.

"ಈ ಹೂವಿನಾಗ ಅಕ್ಷರಾನ ಕಾಣವಲ್ವು ನೋಡ್ರಿ" ಎಂದಳು.

ಸಿಟ್ಟು ಬಂತು. ಆದರೆ ಅವಳು ಹಾಸಿದ ಗೋಣಿಚೀಲದ ಮೇಲೆ ಮೆಂತ್ಯೆ, ರಾಜಗಿರಿ, ಪುಂಡಿ ಬೇರೆ ಬೇರೆ ಕೂತಿದ್ದವು, ನಡುವೆ ಗೇಣು ಗೇಣು ಜಾಗ. ಯಾವುದು ಏನೆಂದು ದೂರದಿಂದಲೇ ತಿಳಿಯುತ್ತಿತ್ತು. ಮನೆಗೆ ಬಂದವಳೇ ಬ್ಲಾಗಿನ ಹೂವೆಲ್ಲ ಕಿತ್ತು, ಬಿಳಿಯ ಮೇಲೆ ಕಪ್ಪು ಅಕ್ಷರ ಇಟ್ಟೆ.

ಮುಂದಿನ ಸಂತೆಯಲ್ಲಿ ಅವಳೇ ಕೂಗಿ ಕರೆದಳು. "ಈಗ ಛಲೋ ಕಾಣಸ್ತೈತ್ರಿ ಅಕ್ಕಾರ. ಪೂರಾ ಓದೀನಿ. ಪುಂಡಿಪಲ್ಯಾ ಮೊದಲ ಹುಳಿ ಇರ್ತೈತಿ, ಅದಕ್ಕ ಮತ್ತ ಹುಣಸಿಹಣ್ಣು ಯಾಕ ಹಾಕೀರಿ?"

ಇಷ್ಟು ವರ್ಷ ಯಾರೂ ಆ ತಪ್ಪು ಹೇಳಿರಲಿಲ್ಲ. ಬ್ಲಾಗಿಗೆ ಬಂದವರೆಲ್ಲ 'ಸೂಪರ್' ಎಂದು ಬರೆದು ಹೋಗುತ್ತಿದ್ದರು. ಹುಣಸೆಹಣ್ಣನ್ನೂ ಅಳಿಸಿದೆ. ಈಗ ಏನು ಬರೆದರೂ ಸಂತೆಯ ದಿನಕ್ಕೆ ಕಾಯುತ್ತೇನೆ.