ಸ್ವರಗಳೆಷ್ಟು ಎಂಬ ಪ್ರಶ್ನೆ

ಕಳೆದ ತಿಂಗಳು ರಾಮದುರ್ಗದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಎದುರಿನ ಕಬ್ಬಿಣದ ಅಂಗಡಿಯವನು ಲಾರಿಯಿಂದ ಇಳಿಸುತ್ತಿದ್ದ ಸಲಾಕೆಯೊಂದನ್ನು ಕೈಜಾರಿ ಕಲ್ಲುಚಪ್ಪಡಿಯ ಮೇಲೆ ಬೀಳಿಸಿದ. ಸಲಾಕೆ ಬಿದ್ದ ಸದ್ದು ಬೇಗ ಅಡಗಿತು. ಅದರ ಹಿಂದಿನ ನಾದ ಅಡಗಲಿಲ್ಲ. ಸದ್ದು ಬೇರೆ, ನಾದ ಬೇರೆ ಎಂಬ ಭೇದವನ್ನು ನಾನು ಕಲಿತದ್ದು ನಿಘಂಟಿನಿಂದಲ್ಲ, ನಮ್ಮ ಪ್ರಾಥಮಿಕ ಶಾಲೆಯ ಗಂಟೆಯಿಂದ. ನಿಮ್ಮ ಶಾಲೆಯಲ್ಲಿಯೂ ಅಂಥದೊಂದು ಇದ್ದಿರಬೇಕು: ಬೇವಿನ ಕೊಂಬೆಗೆ ತಂತಿಯಿಂದ ತೂಗುಹಾಕಿದ ರೈಲು ಹಳಿಯ ತುಂಡು. ನಮ್ಮ ಸೀಮೆಗೆ ರೈಲು ಬಂದಿರಲಿಲ್ಲ. ಹಳಿಯ ತುಂಡು ಮಾತ್ರ ಎಲ್ಲಿಂದಲೋ ಬಂದಿತ್ತು. ಜವಾನನು ಸುತ್ತಿಗೆಯಿಂದ ಬಡಿದರೆ ಅದು ಗಂಟೆ. ಶಾಂತಾ ಅತ್ಯಾ ಬೆಣಚುಕಲ್ಲಿನಿಂದ ಮೆಲ್ಲಗೆ ತಟ್ಟಿದರೆ ಅದೇ ಷಡ್ಜ. ಹಾರ್ಮೋನಿಯಂ ಪೇಟಿಯಾಗಲಿ ತಂಬೂರಿಯಾಗಲಿ ಇಲ್ಲದ ಶಾಲೆಯಲ್ಲಿ ನಾವು ‘ಸಾ’ ಹಿಡಿಯುತ್ತಿದ್ದುದು ಆ ಕಬ್ಬಿಣದಿಂದ.

ಶಾಂತಾ ಅತ್ಯಾ ನನ್ನ ತಂದೆಯ ತಂಗಿ. ಮದುವೆಯಾದ ಎರಡನೆಯ ವರ್ಷವೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಮರಳಿದವಳು. ಅಪ್ಪ ಊರಿನ ಶಾಲೆಯ ಮುಖ್ಯಾಧ್ಯಾಪಕರು. ಊರು ಮನೋಳಿಯಿಂದ ನಡೆದು ತಲುಪುವಷ್ಟು ದೂರದಲ್ಲಿ, ಮಲಪ್ರಭೆಯ ದಂಡೆಯಲ್ಲಿತ್ತು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬೆಳಕಿಂಡಿಯಿಂದ ಇಳಿದ ಬಿಸಿಲು ಪಡಸಾಲೆಯ ನೆಲದ ಮೇಲೆ ಚೌಕವಾಗಿ ಬಿದ್ದು, ಮಧ್ಯಾಹ್ನದ ಹೊತ್ತಿಗೆ ಅಪ್ಪನ ಮೇಜಿನ ಕಾಲನ್ನು ಮುಟ್ಟುತ್ತಿತ್ತು. ಸಾರಿಸಿದ ನೆಲ, ಹುರಿದ ಶೇಂಗಾ ಮತ್ತು ಶಾಯಿ, ಈ ಮೂರರ ವಾಸನೆಗಳು ಅಲ್ಲಿ ಸದಾ ಬೆರೆತಿರುತ್ತಿದ್ದವು. ಆ ಮನೆಯಲ್ಲಿ ಮಾತು ಶುದ್ಧವಾಗಿರಬೇಕಿತ್ತು. ಮಹಾಪ್ರಾಣವೊಂದು ತಪ್ಪಿದರೆ ಅಪ್ಪ ಕೈಯಲ್ಲಿನ ತುತ್ತನ್ನು ನಿಲ್ಲಿಸಿ ತಿದ್ದುತ್ತಿದ್ದರು. ಅತ್ಯಾ ಬಾಲ್ಯದಲ್ಲಿ, ಅಜ್ಜ ಮುರಗೋಡದಲ್ಲಿದ್ದ ಕಾಲಕ್ಕೆ, ಅಲ್ಲಿಯ ಗವಾಯಿಯೊಬ್ಬರಿಂದ ಹಾಡು ಕಲಿತಿದ್ದಳು. ಮನೆಯಲ್ಲಿ ಹಾಡಲು ಅವಳಿಗೆ ನಿಷೇಧವಿತ್ತೆಂದರೆ ಸುಳ್ಳಾದೀತು. ‘ಹಾಡು’ ಎಂದು ಯಾರೂ ಅವಳಿಗೆ ಹೇಳುತ್ತಿರಲಿಲ್ಲ, ಅಷ್ಟೆ. ಶನಿವಾರದ ಕೊನೆಯ ತಾಸಿನಲ್ಲಿ ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಸಂಗೀತ ಹೇಳಿಕೊಡಲು ಅಪ್ಪನೇ ಅವಳನ್ನು ಕರೆದಿದ್ದರು. ವಾರದಲ್ಲಿ ಅವಳ ದನಿ ಪೂರ್ತಿಯಾಗಿ ಹೊರಬರುತ್ತಿದ್ದುದು ಆ ಒಂದು ತಾಸಿನಲ್ಲಿ ಮಾತ್ರ. ಅವಳಿಗೆ ಬೇರೆ ಜಾಗವಿರಲಿಲ್ಲ.

ಅವಳ ಕಲಿಸುವ ರೀತಿ ಸರಳವಾಗಿತ್ತು. ಬೇವಿನ ಮರದ ಕೆಳಗೆ ಏಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೆ ಒಂದೊಂದು ಸ್ವರ ಕೊಡುತ್ತಿದ್ದಳು. ಅವಳು ಯಾರ ತಲೆ ಮುಟ್ಟುವಳೋ ಅವರು ತಮ್ಮ ಸ್ವರವನ್ನು ಹಾಡಬೇಕು. ಹಿಂದೆ ಮುಂದೆ ನಡೆಯುತ್ತ, ಬಾಗುತ್ತ, ಮರಳುತ್ತ ಅವಳು ತಲೆಗಳ ಮೇಲೆ ಹಾಡು ಕಟ್ಟುತ್ತಿದ್ದಳು. ನಾನು ಧೈವತ. ಬಸ್ಯಾ ಷಡ್ಜ, ಆದರೆ ಅವನ ದನಿ ಹೊಳೆಯ ಆಚೆಯ ದಂಡೆಗೆ ಕೇಳುತ್ತಿತ್ತು.

“ಏ ಬಸ್ಯಾ, ಎಮ್ಮಿ ಕರೀಲಿಕ್ಕೆ ನಿಂತಿಲ್ಲ ನೀ,” ಎಂದಳು ಅತ್ಯಾ ಒಮ್ಮೆ.

“ನಮ್ಮ ಎಮ್ಮಿ ಇದಕ್ಕ ಬರತೈತ್ರೀ ಅಕ್ಕಾರ.”

“ಹಂಗಾರ ಎಮ್ಮಿಗೆ ಸುರಾ ತಿಳದದ. ನಿನಗ ತಿಳಿಯೋದು ಉಳದದ.”

ಸ್ವರಗಳೇ ನಮ್ಮ ಹೆಸರುಗಳಾದವು. ಕಸ್ತೂರಿ ಎಂಬ ಹುಡುಗಿ ಶಾಲೆಗೆ ಬಾರದ ದಿನ ಯಾರಾದರೊಬ್ಬರು ಎದ್ದು, “ಅಕ್ಕಾರ, ಇವತ್ತ ‘ಗ’ಕ್ಕ ಜ್ವರಾ ಬಂದಾವ್ರಿ,” ಎನ್ನುತ್ತಿದ್ದರು. ಅಂದು ಅತ್ಯಾ ಬೇರೆ ಮಗುವನ್ನು ಅಲ್ಲಿ ನಿಲ್ಲಿಸುತ್ತಿರಲಿಲ್ಲ. ಗಾಂಧಾರವಿರಬೇಕಾದ ಜಾಗದಲ್ಲಿ ಗಾಳಿಯನ್ನು ಮುಟ್ಟಿ, ಅಷ್ಟು ಹೊತ್ತು ಸುಮ್ಮನಿದ್ದು, ಮುಂದಿನ ತಲೆಗೆ ಹೋಗುತ್ತಿದ್ದಳು.

ಆ ವರ್ಷದ ತಪಾಸಣೆಗೆ ಸವದತ್ತಿಯಿಂದ ಸಾಹೇಬರು ಬಂದರು. ಅಪ್ಪ ಬಿಳಿಯ ಕೋಟು ತೊಟ್ಟು ಹಲಗೆಯ ಪಕ್ಕದಲ್ಲಿ ನಿಂತಿದ್ದರು. ಸಾಹೇಬರು ಕನ್ನಡ ವ್ಯಾಕರಣದಿಂದಲೇ ಆರಂಭಿಸಿ, “ಸ್ವರಗಳು ಎಷ್ಟು?” ಎಂದು ಕೇಳಿದರು. ಇಡೀ ವರ್ಗ ಒಂದೇ ದನಿಯಲ್ಲಿ “ಏಳು” ಎಂದಿತು. ಎಂದು ಸುಮ್ಮನಾಗಲೂ ಇಲ್ಲ. ಬಸ್ಯಾ ‘ಸಾ’ ಎತ್ತಿದ, ಅವನ ಹಿಂದೆ ಉಳಿದ ನಾವು ನಮ್ಮ ನಮ್ಮ ಸ್ವರಗಳನ್ನು ತಪ್ಪಿಲ್ಲದೆ ಹಾಡಿ ಮುಗಿಸಿದೆವು. ಸಾಹೇಬರು ಹೊಟ್ಟೆ ಹಿಡಿದು ನಕ್ಕರು. “ಏನ್ರಿ ಮಾಸ್ತರ, ನಿಮ್ಮ ಊರಾಗ ವರ್ಣಮಾಲಿ ಬ್ಯಾರೇನ ಐತೇನು?” ಎಂದರು. ಸಹಶಿಕ್ಷಕರೂ ನಕ್ಕರು. ಅಕ್ಷರಮಾಲೆಯ ಹದಿನಾಲ್ಕು ಸ್ವರಗಳನ್ನು ಉಸಿರಾಟದಂತೆ ಬಲ್ಲ ಅಪ್ಪ, ಸೀಮೆಸುಣ್ಣವನ್ನು ಬೆರಳಲ್ಲಿ ಪುಡಿಮಾಡುತ್ತ ನಿಂತಿದ್ದರು.

ಅಂದು ಸಂಜೆ ಊಟಕ್ಕೆ ಕುಳಿತಾಗ ಅಪ್ಪ ತಾಟಿನಿಂದ ಕಣ್ಣೆತ್ತದೆ ಹೇಳಿದರು: “ಶಾಂತಾ, ಬರೋ ಶನಿವಾರದಿಂದ ಹಾಡಿನ ತಾಸು ಬ್ಯಾಡ.”

ಬಡಿಸುತ್ತಿದ್ದ ಅತ್ಯಾ ನಕ್ಕಳು, ತಮಾಷೆ ಎಂದುಕೊಂಡಿರಬೇಕು. “ನಿನ್ನ ಹದಿನಾಲ್ಕರಾಗ ನನ್ನ ಏಳು ಇದ್ದಾವಲ್ಲಣ್ಣಾ. ಅರ್ಧಾ ಮಾರ್ಕರೆ ಕೊಡಬೇಕಿತ್ತು ಸಾಹೇಬ್ರು.”

“ಕೇಳಿದ್ದು ವ್ಯಾಕರಣದ ಸ್ವರ.”

“ಹುಡುಗೂರು ತಪ್ಪು ಹೇಳಿಲ್ಲ.”

“ತಪ್ಪು ಹೇಳ್ಯಾರ ಅಂತ ನಾನೂ ಅಂದಿಲ್ಲ. ಬ್ಯಾಡ ಅಂದೆ.”

ಅತ್ಯಾ ಅಪ್ಪನಿಗೆ ಇನ್ನೊಂದು ರೊಟ್ಟಿ ಬಡಿಸಿ, ಅದರ ಮೇಲೆ ಬೆಣ್ಣೆಯಿಟ್ಟು ಒಳಗೆ ಹೋದಳು.

ಮುಂದಿನ ಶನಿವಾರದ ಕೊನೆಯ ತಾಸಿನಲ್ಲಿ ಅಪ್ಪನೇ ಬಂದು ಹ್ರಸ್ವ, ದೀರ್ಘ, ಪ್ಲುತಗಳನ್ನು ಬೋಧಿಸಿದರು. ಮೂರು ಮಾತ್ರೆಗಳ ಕಾಲದಲ್ಲಿ ಉಚ್ಚರಿಸುವ ಸ್ವರವು ಪ್ಲುತ. ದೂರದವರನ್ನು ಕರೆಯುವಾಗ, ಅಳುವಾಗ ಮತ್ತು ಹಾಡುವಾಗ ಅದು ಬರುತ್ತದೆ ಎಂದರು. ಕರೆಯುವುದಕ್ಕೆ ಉದಾಹರಣೆಯಾಗಿ ಕಿಟಕಿಯ ಕಡೆಗೆ ತಿರುಗಿ “ತಮ್ಮಾ” ಎಂದು ಉದ್ದವಾಗಿ ಕೂಗಿದರು. ಅಳುವುದನ್ನು ಬಾಯಿಮಾತಿನಲ್ಲಿ ದಾಟಿಸಿದರು. ಹಾಡುವುದಕ್ಕೆ ಬಂದಾಗ ಬಾಯಿ ತೆರೆದು, ಹಾಗೆಯೇ ಮುಚ್ಚಿದರು. ಕಸ್ತೂರಿ ಎದ್ದು ನಿಂತು, “ಗುರುಗಳ, ಹಾಡಾಕ ಅಕ್ಕಾರನ್ನ ಕರಕೊಂಡ ಬರ್ಲೇನ್ರಿ?” ಎಂದು ಕೇಳಿದಳು. “ಕೂಡು. ಬರಕೋ,” ಎಂದರು ಅಪ್ಪ. ನಾವು ಬರೆದುಕೊಂಡೆವು.

ಅತ್ಯಾ ಸಿಟ್ಟು ಮಾಡಲಿಲ್ಲ, ಅಳಲಿಲ್ಲ, ಊಟ ಬಿಡಲಿಲ್ಲ. ಶೇಂಗಾ ಒಡೆದಳು, ನೆಲ ಸಾರಿಸಿದಳು, ನನ್ನ ಹೆರಳು ಹಾಕಿದಳು. ಅದೇ ಚಳಿಗಾಲದಲ್ಲಿ ನನ್ನ ತಮ್ಮ ಹುಟ್ಟಿದ. ಒಂದು ಮಧ್ಯಾಹ್ನ ಅವನು ಅತ್ತು ಅತ್ತು ಕೆಂಪಾದಾಗ ಅವ್ವ, “ಶಾಂತಾ, ಒಂದು ಜೋಗುಳಾ ಹೇಳವಾ,” ಎಂದಳು. ಅತ್ಯಾ ತೊಟ್ಟಿಲ ಹಗ್ಗ ಹಿಡಿದು ಜೋಗುಳ ಹೇಳಿದಳು. ಹೇಳಿದಳು ಎಂಬ ಕ್ರಿಯಾಪದವನ್ನು ನಾನು ಯೋಚಿಸಿಯೇ ಬಳಸುತ್ತಿದ್ದೇನೆ. ರಾಗವಿರಲಿಲ್ಲ. ಪಾಠ ಓದುವಂತೆ ಪ್ರತಿ ಪದವನ್ನೂ ಸ್ಪಷ್ಟವಾಗಿ, ಹ್ರಸ್ವ ದೀರ್ಘಗಳು ಎಲ್ಲಿಯೂ ತಪ್ಪದಂತೆ, ಕೊನೆಯ ನುಡಿಯವರೆಗೆ ಹೇಳಿ ಮುಗಿಸಿದಳು. ಮೇಜಿನ ಬಳಿ ಕುಳಿತಿದ್ದ ಅಪ್ಪನ ಲೇಖನಿ ನಡುವೆಯೇ ನಿಂತಿತ್ತು. ತಿದ್ದುವುದಕ್ಕೆ ಏನೂ ಇರಲಿಲ್ಲ. ತಮ್ಮ ನಿದ್ದೆಹೋದ.

ಮುಂದೆ ನಾನೂ ಕನ್ನಡ ಕಲಿಸುವವಳಾದೆ. ಬೈಲಹೊಂಗಲದಲ್ಲಿ ಬಹಳ ವರ್ಷ ಸ್ವರಗಳೆಷ್ಟು ಎಂದು ಕೇಳಿದೆ. ಪಠ್ಯಪುಸ್ತಕ ‘ೠ’ಕಾರವನ್ನು ಕೈಬಿಟ್ಟದ್ದರಿಂದ ನನ್ನ ವಿದ್ಯಾರ್ಥಿಗಳ ಸರಿಯುತ್ತರ ಹದಿಮೂರು. ಅಪ್ಪನ ಹದಿನಾಲ್ಕನ್ನು ಯಾರಾದರೂ ಬರೆದಿದ್ದರೆ ನಾನು ಕೆಂಪು ಶಾಯಿಯಿಂದ ಹೊಡೆಯುತ್ತಿದ್ದೆ. ಈಗ ಅಪ್ಪನೂ ಇಲ್ಲ, ಅತ್ಯಾಳೂ ಇಲ್ಲ. ಮನೆ ಬಿದ್ದ ಜಾಗದಲ್ಲಿ ಇಟ್ಟಿಗೆ ಒಟ್ಟಿದ್ದಾರೆ. ಇದನ್ನು ಬರೆಯುವಾಗ ದುಃಖವಾಗಬೇಕೆಂದು ಕಾಯುತ್ತೇನೆ. ವಾಕ್ಯಗಳು ಮಾತ್ರ ಸರಿಯಾಗಿ ಮುಗಿಯುತ್ತವೆ.

ಅಪ್ಪನ ಕಡೆಯ ಕಾಯಿಲೆಯಲ್ಲಿ ನಾನು ರಜೆ ಹಾಕಿ ಹೋಗಿದ್ದೆ. ಪಡಸಾಲೆಯಲ್ಲಿಯೇ ಹಾಸಿಗೆ. ಪಕ್ಕದಲ್ಲಿ ಅತ್ಯಾ, ಪೂರ್ತಿ ನೆರೆತ ತಲೆ, ಮಡಿಲಲ್ಲಿ ಎರಡು ಕೈಗಳು. ಅಪ್ಪ ಕಣ್ಣು ತೆರೆದು, “ಶಾಂತಾ, ಒಂದು ಹಾಡು ಹೇಳವಾ,” ಎಂದರು.

“ಯಾವುದಣ್ಣಾ?”

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅವಳು ನಿಜವಾಗಿಯೂ ತಿಳಿಯಬಯಸಿದ್ದಳು. ಅಪ್ಪ ಯೋಚಿಸಿದರು. ಸಂಧಿ ಸಮಾಸಗಳ ಹೆಸರುಗಳನ್ನು ನಿದ್ದೆಗಣ್ಣಿನಲ್ಲಿಯೂ ಹೇಳುತ್ತಿದ್ದವರಿಗೆ ತಂಗಿಯ ಒಂದು ಹಾಡಿನ ಹೆಸರೂ ತಿಳಿದಿರಲಿಲ್ಲ. “ನೀ ಸಾಲ್ಯಾಗ ಹೇಳತಿದ್ದಿಯಲ್ಲ, ಅದು,” ಎಂದರು ಕೊನೆಗೆ.

“ಭಾಳ ಇದ್ವು,” ಎಂದಳು ಅತ್ಯಾ.

ಅಪ್ಪ ನನ್ನ ಕಡೆಗೆ ನೋಡಿದರು. ಒಂದು ಹೆಸರು ಹೇಳಿದ್ದರೆ ಸಾಕಾಗಿತ್ತು. ನನಗೂ ಒಂದೂ ನೆನಪಾಗಲಿಲ್ಲ. ಅತ್ಯಾ ನೆಟ್ಟಗೆ ಕುಳಿತು, ಕತ್ತನ್ನು ಸ್ವಲ್ಪ ಮೇಲಕ್ಕೆತ್ತಿ, ಹಾಡಲು ಅಣಿಯಾದವಳಂತೆ ಆ ಹೆಸರಿಗಾಗಿ ಕಾಯ್ದಳು. ಆಮೇಲೆ, “ಹಾಲು ಆರಲಿಕ್ಕತ್ಯದ,” ಎಂದು ಎದ್ದು ಹೋಗಿ ತಂದಳು. ಅಪ್ಪ ಕುಡಿದು, ಗೋಡೆಯ ಕಡೆಗೆ ತಿರುಗಿ ಮಲಗಿದರು. ಅವಳು ಕೌದಿಯನ್ನು ಅವರ ಹೆಗಲವರೆಗೆ ಎಳೆದು ಹೊದಿಸಿದಳು.